ಹೊರದೇಶದ ಓದು: ಅಂಕಪಟ್ಟಿ, ಪಾಸ್‌ಪೋರ್ಟ್, ಜಮೀನು, ಸಾಲ – ಈ ವಾರದ ಪ್ರಶ್ನೋತ್ತರ

ಈ ವಾರ ಗುಂಪಿಗೆ ಬಂದ ಪ್ರಶ್ನೆಗಳಿಗೆ ಮೈಸೂರಿನ ವಿದೇಶ ವ್ಯಾಸಂಗ ಸಲಹೆಗಾರ್ತಿಯೊಬ್ಬರು ಉತ್ತರ ಕೊಟ್ಟಿದ್ದಾರೆ. ಸಾಲದ ಪ್ರಶ್ನೆಗೆ ಮಂಡ್ಯದ ಬ್ಯಾಂಕ್ ಸಾಲ ವಿಭಾಗದವರು ಉತ್ತರಿಸಿದ್ದಾರೆ.

ಪ್ರಶ್ನೆ (ಆರನೇ ಸೆಮಿಸ್ಟರ್ ಮೆಕ್ಯಾನಿಕಲ್, ಮಂಡ್ಯ): ಮೇಡಂ, ಬಿ.ಇ. ಮುಗಿಸಿ ಜರ್ಮನಿಯಲ್ಲಿ ಎಂ.ಎಸ್. ಮಾಡ್ಬೇಕು ಅಂತಿದ್ದೀನಿ. ಸಿಜಿಪಿಎ 7.2 ಇದೆ. ಫೈನಲ್ ಇಯರ್ ಮುಗೀಲಿ, ಆಮೇಲೆ ನೋಡಿದ್ರಾಯ್ತು ಅಂತಾರೆ ಸೀನಿಯರ್‌ಗಳು. 7.2 ಸಾಕಾಗುತ್ತಾ? ಯಾವಾಗ ಶುರು ಮಾಡ್ಲಿ?

ಉತ್ತರ: ಈಗಲೇ ಶುರು ಮಾಡಿ. ಅಲ್ಲಿ ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿಯ ಕೊನೆ ದಿನ ಜುಲೈ 15 ಅಂತ ಎಲ್ಲ ಕಡೆ ಓದಿರುತ್ತೀರಿ. ಆದರೆ ಇಂಗ್ಲಿಷಿನಲ್ಲಿ ನಡೆಯುವ ಎಂ.ಎಸ್. ಕೋರ್ಸ್‌ಗಳಲ್ಲಿ ಹಲವಕ್ಕೆ ಮಾರ್ಚ್‌ನಿಂದ ಮೇ ಒಳಗೇ ಅರ್ಜಿ ಮುಗಿದುಹೋಗುತ್ತದೆ. ಅಂದರೆ ಎಂಟನೇ ಸೆಮಿಸ್ಟರ್ ಪರೀಕ್ಷೆ ಬರೆಯುವ ಮುಂಚೆಯೇ ಅರ್ಜಿ ಹೋಗಿರಬೇಕು. ಅದರ ಜೊತೆಗೆ ಎಪಿಎಸ್ ಪ್ರಮಾಣಪತ್ರ ಬೇಕು. ನಿಮ್ಮ ಅಂಕಪಟ್ಟಿ ಅಸಲಿಯೇ ಎಂದು ಪರಿಶೀಲಿಸಿ ಕೊಡುವ ಕಾಗದ ಅದು. 2022ರ ನವೆಂಬರ್‌ನಿಂದ ನಮ್ಮ ವಿದ್ಯಾರ್ಥಿಗಳಿಗೆ ಕಡ್ಡಾಯ, ಶುಲ್ಕ 18,000 ರೂಪಾಯಿ. ಅರ್ಜಿಗಳು ಹೆಚ್ಚು ಬರುವ ತಿಂಗಳುಗಳಲ್ಲಿ ತಡವಾಗುವುದೇ ಹೆಚ್ಚು.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಿ. ಆರನೇ ಸೆಮಿಸ್ಟರ್ ರಜೆಯಲ್ಲಿ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಿರಿ, ಅಂಕ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಏಳನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಒಟ್ಟು ದಾಖಲೆ) ಅರ್ಜಿ ಹಾಕಿ, ಕೈಗೆ ಬಂದ ಕೂಡಲೇ ಎಪಿಎಸ್‌ಗೆ ಕಳಿಸಿ. ಡಿಸೆಂಬರ್–ಜನವರಿಗೆ ಯೂನಿ-ಅಸಿಸ್ಟ್ ಅರ್ಜಿಗಳು (ಹಲವು ಜರ್ಮನ್ ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ ಅದು). ಅದರಲ್ಲಿ ಮೊದಲ ಕೋರ್ಸ್‌ಗೆ 75 ಯೂರೋ, ಅದೇ ಸೆಮಿಸ್ಟರ್‌ನ ಮುಂದಿನ ಪ್ರತಿಯೊಂದಕ್ಕೂ 30 ಯೂರೋ. ಐದಾರು ಕೋರ್ಸ್ ಆರಿಸಿಕೊಂಡರೆ ಸಾಕು, ಹದಿನೈದಕ್ಕೆ ಹಾಕಿ ದುಡ್ಡು ಸುರಿಯಬೇಡಿ.

ಈಗ 7.2 ವಿಷಯ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಎಂದರೆ ಬರೀ ಪಾಸು. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಕನಿಷ್ಠ ಪಾಸಿಗೂ ಇರುವ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸುತ್ತಾರೆ. ಗರಿಷ್ಠ 10, ಕನಿಷ್ಠ ಪಾಸು 4 ಎಂದು ಹಿಡಿದರೆ ನಿಮ್ಮದು 2.4. ಕನಿಷ್ಠ 5 ಎಂದು ಹಿಡಿದರೆ 2.68. ಕೋರ್ಸ್‌ನವರು 2.5 ಮಿತಿ ಇಟ್ಟಿದ್ದರೆ, ಇಷ್ಟೇ ವ್ಯತ್ಯಾಸದಲ್ಲಿ ನೀವು ಒಳಗೋ ಹೊರಗೋ ಆಗಿಬಿಡುತ್ತೀರಿ! ಆದ್ದರಿಂದ ಅಂಕಪಟ್ಟಿಯ ಹಿಂಬದಿ ತಿರುಗಿಸಿ ನೋಡಿ. ಗ್ರೇಡ್ ಪಾಯಿಂಟ್ ಕೋಷ್ಟಕ, ಕನಿಷ್ಠ ತೇರ್ಗಡೆ ಸ್ಪಷ್ಟವಾಗಿ ಅಚ್ಚಾಗಿರದಿದ್ದರೆ ಪರೀಕ್ಷಾಂಗ ವಿಭಾಗದಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಂಡು ಟ್ರಾನ್ಸ್‌ಕ್ರಿಪ್ಟ್ ಜೊತೆ ಸೇರಿಸಿ. ಕಾಲೇಜು ಸ್ವಾಯತ್ತವಾಗಿದ್ದರೆ ಯಾವ ಕಾಗದವನ್ನು ಕಾಲೇಜು ಕೊಡುತ್ತದೆ, ಯಾವುದಕ್ಕೆ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಬರೆಯಬೇಕು ಅನ್ನುವುದನ್ನೂ ಅವತ್ತೇ ಕೇಳಿಕೊಳ್ಳಿ.

ಜರ್ಮನಿಯಲ್ಲಿ ಓದಲು ಶುಲ್ಕವಿಲ್ಲ ಅನ್ನುವ ಮಾತು ಎಲ್ಲ ಕಡೆಗೂ ಸಲ್ಲುವುದಿಲ್ಲ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಎ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯೂರೋಪಿನ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಎಂ.ಎಸ್.ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಹಾಕುತ್ತಿದೆ.

ಪ್ರಶ್ನೆ (ಅದೇ ವಿದ್ಯಾರ್ಥಿ): ಥ್ಯಾಂಕ್ಸ್ ಮೇಡಂ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಆಮೇಲೆ ಮಾಡಿಸಿದ್ರೆ ನಡೆಯುತ್ತಲ್ವಾ?

ಉತ್ತರ: ನಡೆಯೋದಿಲ್ಲ, ಐಇಎಲ್‌ಟಿಎಸ್‌ಗೆ ಹೆಸರು ನೋಂದಾಯಿಸಲೇ ಪಾಸ್‌ಪೋರ್ಟ್ ಬೇಕು. ನಮ್ಮ ಕಡೆ ಮಕ್ಕಳಿಗೆ ಇಲ್ಲೇ ಹೆಚ್ಚು ತೊಡಕಾಗುವುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಚೇತನ್ ಎಚ್ ಎಸ್’ ಎಂದಿರುತ್ತದೆ. ‘ಎಚ್’ ಊರು, ‘ಎಸ್’ ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಹೆಸರು, ಕುಲನಾಮ ಅಂತ ಎರಡೇ ಜಾಗ. ಒಬ್ಬರು ಇನಿಶಿಯಲ್ ಬಿಡಿಸಿ ಬರೆಸುತ್ತಾರೆ, ಇನ್ನೊಬ್ಬರು ಕುಲನಾಮ ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರು ಕುಲನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ಆಮೇಲೆ ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸು, ಸಂಬಳದ ಚೀಟಿ ಎಲ್ಲದರಲ್ಲೂ ಅದೇ ಹೆಸರು.

ಹೊಸದಾಗಿ ಮಾಡಿಸುತ್ತಿರುವುದರಿಂದ ಎರಡೂ ಜಾಗ ತುಂಬಿಸಿ. ಮೊದಲು ಆಧಾರ್ ಸರಿಪಡಿಸಿ, ಅದರಂತೆ ಪಾಸ್‌ಪೋರ್ಟ್, ಪಾಸ್‌ಪೋರ್ಟ್‌ನಂತೆ ಪರೀಕ್ಷೆ ಮತ್ತು ಅರ್ಜಿ. ಅಂಕಪಟ್ಟಿಯ ಇನಿಶಿಯಲ್ ಹೆಸರೂ ಪಾಸ್‌ಪೋರ್ಟ್‌ನ ಪೂರ್ಣ ಹೆಸರೂ ಒಬ್ಬನದೇ ಎಂದು ನೋಟರಿ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿ ಪ್ರತಿ ಅರ್ಜಿಗೂ ಲಗತ್ತಿಸಿ. ವಿಳಾಸದಲ್ಲೂ ಎಚ್ಚರ. ಪಿ.ಜಿ.ಯಲ್ಲಿದ್ದುಕೊಂಡು ಊರಿನ ವಿಳಾಸ ಕೊಟ್ಟರೆ, ಪೊಲೀಸ್ ಪರಿಶೀಲನೆಗೆ ಬಂದಾಗ ನೀವು ಸಿಗದೆ ಕಡತ ನಿಂತುಬಿಡುತ್ತದೆ.

ಪ್ರಶ್ನೆ (ತಂದೆ, ಮದ್ದೂರು ತಾಲ್ಲೂಕು): ಸಾರ್, ಮಗಳಿಗೆ ಐರ್ಲೆಂಡ್‌ನಲ್ಲಿ ಸೀಟು ಸಿಕ್ಕೈತೆ. ಮೂರು ಎಕರೆ ನಾಲೆ ನೀರಿನ ಗದ್ದೆ ಐತೆ, ಆರ್‌ಟಿಸಿ ತಕೊಂಡೋದ್ರೆ ಬ್ಯಾಂಕ್‌ನೋರು ಆಗಲ್ಲ ಅಂತಾರೆ. ಕಬ್ಬಿಗೆ ಸಾಲ ಕೊಡೋರು ಇದಕ್ಯಾಕೆ ಕೊಡಲ್ಲ?

ಉತ್ತರ (ಬ್ಯಾಂಕ್ ಸಾಲ ವಿಭಾಗ, ಮಂಡ್ಯ): ನಿಮ್ಮ ಪ್ರಶ್ನೆ ನ್ಯಾಯವಾದದ್ದೇ ಯಜಮಾನ್ರೇ. ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ನೇರವಾಗಿ ವಶಕ್ಕೆ ತೆಗೆದುಕೊಳ್ಳಲು ಸರ್ಫೇಸಿ ಎಂಬ ಕಾಯ್ದೆಯಿದೆ. ಆ ಕಾಯ್ದೆಯಿಂದ ಕೃಷಿ ಜಮೀನನ್ನು ಹೊರಗಿಟ್ಟಿದ್ದಾರೆ, ರೈತರ ರಕ್ಷಣೆಗೆ. ಬೆಳೆ ಸಾಲಕ್ಕೆ ಬೆಳೆಯೇ ಆಧಾರ. ಶಿಕ್ಷಣ ಸಾಲಕ್ಕೆ ಹಾಗಲ್ಲ, ಅದಕ್ಕೇ ಗದ್ದೆಯನ್ನು ಆಧಾರವಾಗಿ ಒಪ್ಪುವುದಿಲ್ಲ. ಹಾಗಂತ ಗದ್ದೆ ಮಾರಲು ಹೊರಡಬೇಡಿ. ಬೇರೆ ದಾರಿಗಳಿವೆ.

ಬ್ಯಾಂಕ್‌ಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಆಧಾರ ಬೇಡ. 7.5 ಲಕ್ಷದವರೆಗೆ ಹೆಚ್ಚೆಂದರೆ ಮೂರನೆಯವರ ಜಾಮೀನು ಕೇಳಬಹುದು. ಅದರ ಮೇಲೆ ಮನೆ, ನಿವೇಶನ ಅಥವಾ ಠೇವಣಿ ಬೇಕು. ಊರಿನಲ್ಲಿ ಸ್ವಂತ ಮನೆ ಇದೆಯಾ? ಪಂಚಾಯಿತಿಯಲ್ಲಿ ಇ-ಸ್ವತ್ತು (ಆಸ್ತಿಯ ಆನ್‌ಲೈನ್ ದಾಖಲೆ) ತೆಗೆಸಿ. ನಮೂನೆ 9 ಮತ್ತು 11ಎ ಬಂದರೆ ಮಾತಾಡಬಹುದು. 11ಬಿ ಬಂದರೆ ಆ ಜಾಗ ಗ್ರಾಮಠಾಣದೊಳಗಿಲ್ಲ ಅಥವಾ ಭೂಪರಿವರ್ತನೆ ಆಗಿಲ್ಲ ಎಂದರ್ಥ, ನಮ್ಮ ವಕೀಲರು ಒಪ್ಪುವುದು ಕಷ್ಟ. ಮನೆ ಇನ್ನೂ ತೀರಿಹೋದ ತಂದೆಯವರ ಹೆಸರಿನಲ್ಲೇ ಇದ್ದರೆ ಮೊದಲು ಖಾತೆ ನಿಮ್ಮ ಹೆಸರಿಗಾಗಲಿ. ಪಿತ್ರಾರ್ಜಿತವಾದರೆ ಅಣ್ಣತಮ್ಮಂದಿರಷ್ಟೇ ಅಲ್ಲ, ಅಕ್ಕತಂಗಿಯರ ಸಹಿಯೂ ಬೇಕು. ಮದುವೆಯಾಗಿ ಬೇರೆ ಊರಿನಲ್ಲಿರುವವರನ್ನು ಒಪ್ಪಿಸಿ ಕರೆಸುವುದಕ್ಕೇ ಅರ್ಧ ಸಮಯ ಹೋಗುತ್ತದೆ. ಈಗಲೇ ಮಾತಾಡಿಡಿ. ವಂಶವೃಕ್ಷ, ಇ.ಸಿ. (ಋಣಭಾರ ಪತ್ರ), ಕಂದಾಯ ರಸೀದಿ ಜೊತೆಗಿರಲಿ.

ಆಸ್ತಿ ಇಲ್ಲದಿದ್ದರೆ, ಹೆಸರಾಂತ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿರುವವಕ್ಕೆ ಕೆಲವು ಬ್ಯಾಂಕ್‌ಗಳು ಆಧಾರವಿಲ್ಲದೆಯೂ ದೊಡ್ಡ ಮೊತ್ತ ಕೊಡುತ್ತವೆ. ಮಗಳ ಕಾಲೇಜು ಆ ಪಟ್ಟಿಯಲ್ಲಿದೆಯೇ ಕೇಳಿ. ಖಾಸಗಿ ಹಣಕಾಸು ಕಂಪನಿಗಳು ಬೇಗ ಕೊಡುತ್ತವೆ, ಆದರೆ ಬಡ್ಡಿ ಹೆಚ್ಚು, ಓದುತ್ತಿರುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿಸಿಕೊಳ್ಳುವುದೂ ಉಂಟು. ನಮ್ಮಲ್ಲಿ ಓದಿನ ಅವಧಿ ಮತ್ತು ಆಮೇಲೆ ಒಂದು ವರ್ಷ ಕಂತು ಇರುವುದಿಲ್ಲ. 4 ಲಕ್ಷ ದಾಟಿದರೆ ಹೊರದೇಶದ ಖರ್ಚಿನಲ್ಲಿ ನೂರಕ್ಕೆ 15 ಪಾಲು ನಿಮ್ಮ ಕೈಯಿಂದ ಹಾಕಬೇಕು, ಅದನ್ನು ಈಗಲೇ ಎತ್ತಿಡಿ.

ಸಲಹೆಗಾರ್ತಿಯ ಸೇರ್ಪಡೆ: ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ವಿದೇಶ ವ್ಯಾಸಂಗ ಸಾಲವನ್ನೂ ವಿಚಾರಿಸಿ. ಪರಿಶಿಷ್ಟ ಜಾತಿಯವರಿಗೂ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು. ಕೂಲಿಗೆ ಹೋಗುವ ಮನೆಗಳಿಗೆ ಈ ಸುದ್ದಿ ತಲುಪುವುದೇ ಇಲ್ಲ. ನಿಮ್ಮ ಊರಿನಲ್ಲಿ ಅಂಥ ಮಕ್ಕಳಿದ್ದರೆ ದಯವಿಟ್ಟು ತಿಳಿಸಿ.

ಪ್ರಶ್ನೆ (ತಾಯಿ, ಕುವೆಂಪುನಗರ): ಇಂಗ್ಲೆಂಡ್ ವೀಸಾಗೆ ಖಾತೆಯಲ್ಲಿ ದುಡ್ಡು ತೋರಿಸಿದ್ದೀವಿ. ಮಧ್ಯೆ ಎರಡು ದಿನಕ್ಕೆ ಸ್ವಲ್ಪ ತೆಗೆದು ಮತ್ತೆ ಹಾಕಿದ್ವಿ. ತೊಂದರೆ ಇದೆಯಾ?

ಉತ್ತರ: ಬೇಕಾದ ಮೊತ್ತಕ್ಕಿಂತ ಕೆಳಗಿಳಿದಿದ್ದರೆ ಇದೆ. ಆ ಮೊತ್ತ ಸತತ 28 ದಿನ ಇರಬೇಕು, ಒಂದು ದಿನ ಕಡಿಮೆಯಾದರೂ ಲೆಕ್ಕ ಹೊಸದಾಗಿ ಶುರು. ಮತ್ತೆ ಹಾಕಿದ ದಿನದಿಂದ 28 ದಿನ ಎಣಿಸಿ, ಸ್ಟೇಟ್‌ಮೆಂಟ್‌ನ ಕೊನೆ ದಿನಾಂಕದಿಂದ 31 ದಿನದೊಳಗೆ ಅರ್ಜಿ ಹಾಕಿ.

ಪ್ರಶ್ನೆ (ಎರಡನೇ ವರ್ಷದ ಬಿ.ಎಸ್ಸಿ., ಮೈಸೂರು): ಮೇಡಂ, ಮೂರು ವರ್ಷದ ಡಿಗ್ರಿಗೆ ಹೊರಗಡೆ ಬೆಲೆ ಇದೆಯಾ? ನನ್ನ ಹತ್ರ ಅನುಭವ ಅಂತ ಏನೂ ಇಲ್ಲ.

ಉತ್ತರ: ಬ್ರಿಟನ್‌ನಲ್ಲಿ ಮೂರು ವರ್ಷದ ಡಿಗ್ರಿ ನಡೆಯುತ್ತದೆ. ಅಮೆರಿಕದಲ್ಲಿ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷ ಕೇಳುತ್ತವೆ. ಮೂಲವಿಜ್ಞಾನದವರಿಗೆ ನನ್ನ ಸಲಹೆ: ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲೇ ಎಂ.ಎಸ್ಸಿ. ಮುಗಿಸಿ, ವೇತನ ಕೊಡುವ ಪಿಎಚ್.ಡಿ.ಗೆ ಹೋಗಿ. ಸಾಲದ ಹೊರೆಯೇ ಇರುವುದಿಲ್ಲ.

ಅನುಭವಕ್ಕೆ ಮೈಸೂರಿಗಿಂತ ಒಳ್ಳೆ ಊರು ಬೇಕಾ? ಆಹಾರ ತಂತ್ರಜ್ಞಾನದ ಸಿಎಫ್‌ಟಿಆರ್‌ಐ, ಹಿಂದೆ ಡಿಎಫ್‌ಆರ್‌ಎಲ್ ಎನ್ನುತ್ತಿದ್ದ ಡಿಆರ್‌ಡಿಒ ರಕ್ಷಣಾ ಪ್ರಯೋಗಾಲಯ, ವಾಕ್ ಶ್ರವಣ ಸಂಸ್ಥೆ, ಭಾಷಾ ಸಂಸ್ಥಾನ ಎಲ್ಲ ಊರೊಳಗೇ ಇವೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ ಮಾಡಬಹುದು, ಮುಂದಿನ ಬೇಸಿಗೆಗೆ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಹಾಕಬೇಕು. ವಿಜ್ಞಾನಿಗಳಿಗೆ ಬರೆಯುವಾಗ ಒಂದೇ ಮೇಲ್ ಐವತ್ತು ಜನಕ್ಕೆ ಕಳಿಸಬೇಡಿ. ಅವರ ಇತ್ತೀಚಿನ ಒಂದು ಪ್ರಬಂಧ ಓದಿ, ಅದರಲ್ಲಿ ನಿಮಗೆ ಗೊತ್ತಿರುವ ವಿಧಾನ ಯಾವುದು (ಟೈಟ್ರೇಶನ್ನೋ, ಕ್ರೊಮಟಾಗ್ರಫಿಯೋ), ಯಾವ ದಿನಾಂಕದಿಂದ ಎಷ್ಟು ವಾರ ಬರಬಲ್ಲಿರಿ, ಇಷ್ಟನ್ನು ಎಂಟು ಹತ್ತು ಸಾಲಲ್ಲಿ ಬರೆಯಿರಿ. ವಿಭಾಗದ ಮುಖ್ಯಸ್ಥರ ಪತ್ರ ಲಗತ್ತಿಸಿ. ಅಲ್ಲಿದ್ದಷ್ಟು ದಿನವೂ ಲ್ಯಾಬ್ ನೋಟ್‌ಬುಕ್ ಬರೆಯಿರಿ: ಯಾವ ಸ್ಯಾಂಪಲ್, ಎಷ್ಟು ಮಿಲಿ, ಯಾವ ಉಷ್ಣತೆ, ಏನು ಕೈಕೊಟ್ಟಿತು. ಮುಂದೆ ಸಂದರ್ಶನದಲ್ಲಿ ಕೇಳುವುದು ಪ್ರಮಾಣಪತ್ರವನ್ನಲ್ಲ, ಇದನ್ನೇ.

ಶಿಫಾರಸು ಪತ್ರಕ್ಕೂ ಈಗಲೇ ದಾರಿ ಮಾಡಿಕೊಳ್ಳಿ. ಹೊರದೇಶದ ವಿಶ್ವವಿದ್ಯಾಲಯ ಲಿಂಕನ್ನು ಮೇಷ್ಟರ ಮೇಲ್‌ಗೆ ನೇರವಾಗಿ ಕಳಿಸುತ್ತದೆ, ಕೆಲವು ಕಡೆ ಜಿಮೇಲ್ ವಿಳಾಸ ಒಪ್ಪುವುದಿಲ್ಲ. ನಿಮ್ಮ ಮೇಷ್ಟರಿಗೆ ಕಾಲೇಜಿನ ಹೆಸರಿನ ಮೇಲ್ ಇದೆಯೇ ಕೇಳಿ, ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟು ಮಾಡಿಸಿ. ಪತ್ರವನ್ನು ನೀವೇ ಬರೆದು ಸಹಿ ಹಾಕಿಸಿಕೊಳ್ಳಬೇಡಿ. ಮೂರು ಪತ್ರಗಳೂ ಒಂದೇ ಧಾಟಿಯಲ್ಲಿದ್ದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಬದಲಿಗೆ ನೀವು ಮಾಡಿದ ಪ್ರಾಜೆಕ್ಟ್, ಸೆಮಿನಾರ್, ಪಡೆದ ಅಂಕ ಇವನ್ನೆಲ್ಲ ಒಂದು ಪುಟದಲ್ಲಿ ಬರೆದು ಕೊಡಿ. ತರಗತಿಯಲ್ಲಿ ನೂರು ಮಕ್ಕಳನ್ನು ನೋಡುವ ಮೇಷ್ಟರಿಗೆ ಆ ಪುಟ ಇದ್ದರೆ ನಿಮ್ಮ ಬಗ್ಗೆ ಖಚಿತವಾಗಿ ಬರೆಯಲು ಸಾಧ್ಯ.