ಹತ್ತನೇ ‘ಬಿ’ ಗುಂಪಿಗೆ ಬಂದ ಶಿಲುಬೆ

ಗುಂಪು: ಹತ್ತನೇ ‘ಬಿ’, 1996, ಹಾಸನ

ಜೋಸೆಫ್, ಸಕಲೇಶಪುರ: (ಹಲವು ಬಾರಿ ಫಾರ್ವರ್ಡ್ ಆಗಿದೆ)
ಎಚ್ಚರ! ಅಮೆರಿಕಾದಲ್ಲಿ ಯೋಧರ ಶಿಲುಬೆ ಕೆಡವಲು ನಾಸ್ತಿಕರು ಕೋರ್ಟಿಗೆ ಹೋಗಿದ್ದಾರೆ. ಇಂದು ಅವರದು, ನಾಳೆ ನಿಮ್ಮ ಚರ್ಚಿನದು. 10 ಜನರಿಗೆ ಕಳಿಸಿ. ಆಮೆನ್.

ಜೋಸೆಫ್: ನಂಬಿಕೆ ಇಲ್ಲದಿದ್ದರೆ ಸುಮ್ನಿರಬಹುದಲ್ವಾ? ಸತ್ತವರ ಗುರುತಿನ ಮೇಲೆ ಏನು ಸಿಟ್ಟು?

ನಾಗರತ್ನ, ಅಡ್ಮಿನ್: ಬೆಳಬೆಳಗ್ಗೆ ಶುರು ಮಾಡಿದಿರಾ. ನಾನಿನ್ನೂ ಅಕ್ಕಿರೊಟ್ಟಿ ತಟ್ಟುತ್ತಿದ್ದೇನೆ.

ರವಿ: ಜೋಸೆಫ್, ಈ ಸುದ್ದಿಗೆ ಗಡ್ಡ ಬಂದು ನೆರೆತಿದೆ ಮಾರಾಯ. ಕೇಸು 2019ರಲ್ಲೇ ಮುಗಿಯಿತು. ಅಲ್ಲಿನ ಸುಪ್ರೀಂ ಕೋರ್ಟಿನ ಜಡ್ಜುಗಳ 7–2 ಬಹುಮತದಲ್ಲಿ ಶಿಲುಬೆ ಉಳಿಯಿತು.

ಜೋಸೆಫ್: ಉಳಿದದ್ದು ಸಂತೋಷ. ಕೇಸು ಹಾಕಿದ್ದು ಯಾಕೆ ಅಂತ ಹೇಳು.

ರವಿ: ಹೇಳುತ್ತೇನೆ, ಪೂರ್ತಿ ಓದು. ಮೇರಿಲ್ಯಾಂಡಿನ ಬ್ಲೇಡನ್ಸ್‌ಬರ್ಗಿನಲ್ಲಿ 40 ಅಡಿ ಎತ್ತರದ ಶಿಲುಬೆ ಇದೆ. ಮೊದಲನೇ ಮಹಾಯುದ್ಧದಲ್ಲಿ ಸತ್ತ ಆ ಕಡೆಯ 49 ಜನರ ನೆನಪಿಗೆ 1925ರಲ್ಲಿ ಮುಗಿಸಿದ್ದು. ಆವಾಗ ಚಂದಾ ಎತ್ತಿ ಕಟ್ಟಿದರು, ಯಾರದೂ ತಕರಾರಿಲ್ಲ. 1961ರಲ್ಲಿ ಜಾಗವೂ ಶಿಲುಬೆಯೂ ಸರ್ಕಾರಿ ಸಂಸ್ಥೆಯ ಕೈಗೆ ಬಂತು. ಆಮೇಲೆ ಅದರ ರಿಪೇರಿ, ದೀಪ ಅಂತೆಲ್ಲ 1,17,000 ಡಾಲರ್ ಜನರ ದುಡ್ಡು ಹೋಯಿತು. ಒಂದು ಧರ್ಮದ ಗುರುತಿಗೆ ಎಲ್ಲರ ತೆರಿಗೆ ಯಾಕೆ ಅಂತ ಹ್ಯೂಮನಿಸ್ಟ್ ಸಂಘದವರು, ಅಂದರೆ ನಿನ್ನ ಫಾರ್ವರ್ಡಿನ ನಾಸ್ತಿಕರು, 2014ರಲ್ಲಿ ಕೇಸು ಹಾಕಿದರು. ಕೇಳಿದ್ದು ಇಷ್ಟೇ.

ಜೋಸೆಫ್: ಇಷ್ಟೇನಾ? ಅದನ್ನು ಬೇರೆ ಕಡೆ ಸಾಗಿಸಿ, ಇಲ್ಲ ಕೆಡವಿ, ಅದೂ ಆಗದಿದ್ದರೆ ಎರಡು ತೋಳು ಕತ್ತರಿಸಿ ಬರೀ ಕಂಬ ಮಾಡಿ ಅಂದದ್ದೂ ಅವರೇ ಅಲ್ವಾ? ಅದನ್ನು ಯಾಕೆ ಬಿಟ್ಟೆ?

ರವಿ: ಹೌದು, ಹಾಗೂ ಕೇಳಿದ್ದರು.

ಜೋಸೆಫ್: ಗರಿಗಳ ಭಾನುವಾರ ಬಂತು, ಯೇಸುವನ್ನು ಶಿಲುಬೆಗೇರಿಸಿದ ವಾರ ಶುರು. ಈ ಹೊತ್ತಲ್ಲಿ ‘ತೋಳು ಕತ್ತರಿಸಿ’ ಅಂತ ಓದಿದರೆ ಹೊಟ್ಟೆ ಉರಿಯಲ್ವಾ?

ಫಿಲೋಮಿನಾ: ನನಗೂ ಚುಚ್ಚಿತು ಜೋಸೆಫಣ್ಣ. ಸುಳ್ಳು ಹೇಳಲ್ಲ. ಡ್ಯೂಟಿ ಮುಗಿಸಿ ಬರುತ್ತೇನೆ, ಅಲ್ಲಿವರೆಗೆ ಹೊಡೆದಾಡಬೇಡಿ.

ಮಂಜು, ಆಲೂರು: ನಡುವಯಸ್ಸಿನಲ್ಲಿ ಒಳ್ಳೆ ಟೈಂಪಾಸು ನಿಮ್ಮದು. ಲೋ ರವಿ, ಅಮೆರಿಕಾ ಬಿಡು. ನಿಮ್ಮ ಕಾಲೇಜಿನ ಆಫೀಸಿನಲ್ಲಿ ಆಯುಧಪೂಜೆ ದಿನ ಕಡ್ಲೆಪುರಿ ಮುಕ್ಕಿದವನು ಯಾರು?

ರವಿ: ಮುಕ್ಕಿದೆ. ಹಸಿವಾಗಿತ್ತು. ಪೂಜೆ ಖರ್ಚಿಗೆ ಕಾಲೇಜಿನ ದುಡ್ಡು ಬೇಡ, ನಾವೇ ಹಾಕೋಣ ಅಂದವನೂ ನಾನೇ. ಆಮೇಲೆ ಆರು ತಿಂಗಳು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಯಾರೂ ಕೂತಿಲ್ಲ.

ಜೋಸೆಫ್: ನೀನು ದುಡ್ಡಿನ ಮಾತೇ ಆಡುತ್ತೀಯ. ನನ್ನ ಪ್ರಶ್ನೆ ಬೇರೆ. ಶುಭ ಶುಕ್ರವಾರ ಶಿಲುಬೆ ಹೊತ್ತು ರಸ್ತೆಯಲ್ಲಿ ಹೋಗುತ್ತೇವಲ್ಲ, ನಾಳೆ ಅದೂ ಬೇಡ ಅನ್ನಲ್ವಾ ನೀವು?

ರವಿ: ಹೋದ ವರ್ಷ ನಿಮ್ಮ ಮೆರವಣಿಗೆಗೆ ಮಜ್ಜಿಗೆ ಹಂಚಿದವನು ನಾನು ಕಣೋ. ರಸ್ತೆ ಎಲ್ಲರದು, ನಿನ್ನದೂ ಹೌದು. ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕು ಅದು. ನೀನು ಹೊರುವ ಶಿಲುಬೆ ಬೇರೆ, ಸರ್ಕಾರ ಹೊರುವ ಶಿಲುಬೆ ಬೇರೆ.

ಮಂಜು: ಅಮೆರಿಕಾದಲ್ಲೇ ಫುಟ್‌ಬಾಲ್ ಕೋಚ್ ಒಬ್ಬ ಮ್ಯಾಚ್ ಮುಗಿದ ಮೇಲೆ ಮೈದಾನದ ಮಧ್ಯೆ ಮಂಡಿಯೂರುತ್ತಿದ್ದನಲ್ಲ, ಅದು ಯಾವ ಲೆಕ್ಕ?

ರವಿ: ಬ್ರೆಮರ್ಟನ್ ಕೇಸು. 2022ರಲ್ಲಿ 6–3ರಲ್ಲಿ ಕೋಚ್ ಗೆದ್ದ. ಅವನ ಸ್ವಂತ ಪ್ರಾರ್ಥನೆ ಅಂತ ಕೋರ್ಟ್ ಹೇಳಿತು. ನನಗೆ ಒಪ್ಪಿಗೆಯಿಲ್ಲ. ಸರ್ಕಾರಿ ಶಾಲೆ, ಸುತ್ತ ಹುಡುಗರು.

ಜೋಸೆಫ್: ಯಾರನ್ನೂ ಕರೆಯದೆ ಒಬ್ಬನೇ ಮಂಡಿಯೂರಿದರೂ ತಪ್ಪಾ?

ಫಿಲೋಮಿನಾ: ಬಂದೆ. ನಮ್ಮ ಪಿ.ಟಿ. ಮೇಷ್ಟ್ರು ನೆನಪಿದ್ದಾರಾ? ಮ್ಯಾಚಿಗೆ ಮುಂಚೆ ತೆಂಗಿನಕಾಯಿ ಒಡೆಸುತ್ತಿದ್ದರು. ಒಳ್ಳೆಯ ಮನುಷ್ಯ. ಒಂದು ದಿನವೂ ಬಲವಂತ ಮಾಡಿದವರಲ್ಲ. ಆದರೂ ಪ್ರತಿ ಸಲ ನಾನು ಮಂಗಳಾರತಿ ತಗೊಂಡೆ, ಕುಂಕುಮ ಇಟ್ಟುಕೊಂಡೆ, ಮನೆ ಹತ್ತಿರ ಬಂದಾಗ ಲಂಗದ ತುದಿಯಲ್ಲಿ ಒರೆಸಿಕೊಂಡೆ. ಬೇಡ ಅಂದಿದ್ದರೆ ಥ್ರೋಬಾಲ್ ಟೀಮಿನಲ್ಲಿ ಉಳಿಯುತ್ತಿದ್ದೆನಾ? ಇವತ್ತಿಗೂ ಗೊತ್ತಿಲ್ಲ.

ನಾಗರತ್ನ: ಅಯ್ಯೋ ಫಿಲೋ. ಕುಂಕುಮ ಇಡುತ್ತಿದ್ದದ್ದು ನಾನೇ ಕಣೆ.

ಫಿಲೋಮಿನಾ: ನಿನ್ನ ಮೇಲೆ ಬೇಜಾರಿಲ್ಲ ಬಿಡೆ. ಜೋಸೆಫಣ್ಣ, ಈ ಫಾರ್ವರ್ಡ್ ಓದಿ ನೀವು ಶಿಲುಬೆ ಪಕ್ಕ ನಿಂತಿರಿ. ಸಹಜ, ನಾನೂ ನಿಂತೆ. ಆದರೆ ಅಲ್ಲಿ ಶಿಲುಬೆಯವರೇ ಜಾಸ್ತಿ, ಕೇಸು ಹಾಕಿದವರು ಬೆರಳೆಣಿಕೆ. ನಮ್ಮಲ್ಲಿ? 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ನಾವು ನೂರಕ್ಕೆ ಎರಡೂ ಇಲ್ಲ, 1.87. ಸರ್ಕಾರ ಯಾರ ಪಕ್ಕವೂ ವಾಲಬಾರದು ಅಂತ ಇಲ್ಲಿ ಕೇಳಬೇಕಾದವರು ನಾವು. ಅಲ್ಲಿ ಆ ನಾಸ್ತಿಕರು ಕೇಳಿದ್ದೂ ಅದನ್ನೇ.

ಜೋಸೆಫ್: ಹಾಗಂತ ತೋಳು ಕತ್ತರಿಸುವುದಾ?

ಫಿಲೋಮಿನಾ: ಅದು ಒರಟು ಮಾತು. ಅಷ್ಟು ವರ್ಷ ನಿಂತದ್ದನ್ನು ಈಗ ಕಿತ್ತರೆ ಅದೇ ಧರ್ಮದ ಮೇಲಿನ ಹಗೆಯ ಹಾಗೆ ಕಾಣುತ್ತದೆ ಅಂತ ಕೋರ್ಟ್ ಹೇಳಿದ್ದು ನನಗೆ ಸರಿ ಅನ್ನಿಸಿತು. ಹಾಗೇ ಗಿನ್ಸ್‌ಬರ್ಗ್ ಅನ್ನುವ ಜಡ್ಜಮ್ಮ ವಿರುದ್ಧ ಬರೆದದ್ದೂ ಸರಿಯೇ. ಕ್ರೈಸ್ತ ಯೋಧನ ನೆನಪಿಗೆ ಯೆಹೂದಿ ನಕ್ಷತ್ರ ಹೇಗೆ ಒಪ್ಪಲ್ಲವೋ, ಬೇರೆ ಧರ್ಮದವರಿಗೆ ಶಿಲುಬೆಯೂ ಹಾಗೇ.

ಮಂಜು: ಎರಡೂ ಸರಿ ಅಂದರೆ ತೀರ್ಪು ಏನಮ್ಮ?

ಫಿಲೋಮಿನಾ: ನಾನು ನರ್ಸು, ಜಡ್ಜಲ್ಲ.

ರವಿ: ಜೋಸೆಫ್, ಇನ್ನೊಂದು. ನಾಸ್ತಿಕರ ಹಾವಳಿ ಅನ್ನುತ್ತೀಯ. 2012ರಲ್ಲಿ ಮುಂಬೈಯ ವೇಳಾಂಕಣಿ ಮಾತೆ ಚರ್ಚಿನಲ್ಲಿ ಶಿಲುಬೆಯ ಪಾದದಿಂದ ನೀರು ತೊಟ್ಟಿಕ್ಕಿತು. ಅದು ಪವಾಡವಲ್ಲ, ಕೊಳಚೆ ನೀರು ಗೋಡೆಯಲ್ಲಿ ಮೇಲೆ ಹೀರಿಕೊಂಡು ಬಂದದ್ದು ಅಂತ ವಿಚಾರವಾದಿ ಸನಲ್ ಇಡಮರುಕು ತೋರಿಸಿದರು. ಕೆಲವು ಕ್ಯಾಥೊಲಿಕ್ ಸಂಘಟನೆಯವರು ಧಾರ್ಮಿಕ ಭಾವನೆಗೆ ಧಕ್ಕೆ ತಂದರು, 295ಎ ಸೆಕ್ಷನ್ ಅಂತ ದೂರು ಕೊಟ್ಟರು. ಮನುಷ್ಯ ದೇಶ ಬಿಟ್ಟು ಫಿನ್ಲೆಂಡ್ ಸೇರಿದರು.

(ನಲವತ್ತು ನಿಮಿಷ ಯಾರೂ ಬರೆಯಲಿಲ್ಲ.)

ಜೋಸೆಫ್: ಅದು ನಮ್ಮವರು ಮಾಡಿದ ತಪ್ಪು. ಪ್ಲಂಬರನ್ನು ಕರೆಸಬೇಕಿತ್ತು, ಪೊಲೀಸರನ್ನಲ್ಲ.

ನಾಗರತ್ನ: ಜೋಸೆಫಣ್ಣ ಜೋಕ್ ಹೊಡೆದರು! ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ಜೋಸೆಫ್: ಆದರೂ ರವಿ, ಶಿಲುಬೆ ಬೀಳುತ್ತದೆ ಅಂದಾಗ ನಿನಗೆ ಲೆಕ್ಕ ಕಾಣುತ್ತದೆ. ನನಗೆ ಅಮ್ಮ ಕಾಣುತ್ತಾಳೆ. ಅಷ್ಟು ತಿಳಿದುಕೋ.

ರವಿ: ಆಯಿತು.

ಫಿಲೋಮಿನಾ: ನನಗೆ ಶೆಟ್ಟಿಹಳ್ಳಿ ಕಾಣುತ್ತದೆ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿದ ಮೇಲೆ ಅಜ್ಜಿ ಮನೆಯವರು ಊರು ಬಿಟ್ಟರು. ಫ್ರೆಂಚ್ ಪಾದ್ರಿಗಳು ಕಟ್ಟಿದ ಚರ್ಚು ಅಲ್ಲೇ ಉಳಿಯಿತು. ಮಳೆಗಾಲದಲ್ಲಿ ನೀರೊಳಗೆ, ಬೇಸಿಗೆಯಲ್ಲಿ ಹೊರಗೆ. ಅದಕ್ಕೆ ಯಾವ ನಾಸ್ತಿಕನೂ ಕೇಸು ಹಾಕಿರಲಿಲ್ಲ.

ಮಂಜು: ಈಗ ನೀರು ಇಳಿದಿದೆ. ಭಾನುವಾರ ಹೋಗೋಣವಾ?

ಫಿಲೋಮಿನಾ: ಬೆಳಗ್ಗೆ ಪೂಜೆ ಇದೆ. ಹನ್ನೊಂದಕ್ಕೆ ಹೊರಡೋಣ. ಜೋಸೆಫಣ್ಣ ನೇರ ಹಾಸನಕ್ಕೆ ಬರಲಿ.

ನಾಗರತ್ನ: ಪುಳಿಯೋಗರೆ ನನ್ನದು. ಕಾರು ರವಿಯದು.

ರವಿ: ತರುತ್ತೇನೆ. ಚರ್ಚಿನ ಒಳಗೆ ಮಾತ್ರ ಕರೆಯಬೇಡಿ.

ಫಿಲೋಮಿನಾ: ಒಳಗೆ ಯಾವುದು, ಹೊರಗೆ ಯಾವುದು ಕಣೋ? ಚಾವಣಿಯೇ ಇಲ್ಲ ಅದಕ್ಕೆ.