ಸಹಾಯ ಬೇಕು: ರೇಡಿಯೇಶನ್ ನಡೆಯುವಾಗ ಆಂಟಿಆಕ್ಸಿಡೆಂಟ್ ಮಾತ್ರೆ ಬೇಡ ಅಂತ ಅಮ್ಮನಿಗೆ ತಿಳಿಸಿ ಹೇಳುವವರು

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯವರು. ಅಣ್ಣನಿಗೆ ಮೆದುಳಿನಲ್ಲಿ ಗ್ಲಿಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಗೆಡ್ಡೆ. ಆಪರೇಷನ್ ಆಗಿದೆ. ಈಗ 6 ವಾರ ರೇಡಿಯೇಶನ್, ಒಟ್ಟು 30 ಸಲ. ಜೊತೆಗೆ ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ. ಮೊನ್ನೆ 11ನೇದು ಮುಗಿಯಿತು. ಮನೆಗೆ ಬಂದಾಗಲೂ, ರೇಡಿಯೇಶನ್ ಹೊತ್ತಿನಲ್ಲಿ ತಲೆ ಅಲುಗಾಡದಂತೆ ಹಾಕುವ ಮಾಸ್ಕಿನ ಜಾಲರಿ ಗುರುತು ಹಣೆ ಮೇಲೆ ಹಾಗೇ ಇರುತ್ತದೆ. ಅಮ್ಮ ಅದನ್ನು ಸವರುತ್ತಾ ಕೂರುತ್ತಾರೆ.

ನೆಂಟರೊಬ್ಬರು ಪ್ರೀತಿಯಿಂದ ಎರಡು ಡಬ್ಬಿ ಆಂಟಿಆಕ್ಸಿಡೆಂಟ್ ಮಾತ್ರೆ ತಂದುಕೊಟ್ಟಿದ್ದಾರೆ. ಅಮ್ಮನಿಗೆ ಅದರ ಮೇಲೆ ತುಂಬಾ ನಂಬಿಕೆ. ನನಗೆ ಭಯ. ರೇಡಿಯೇಶನ್ ಕೆಲಸ ಮಾಡುವುದೇ ಹೆಚ್ಚಾಗಿ ಗೆಡ್ಡೆಯ ಕೋಶದೊಳಗೆ ಚುರುಕಾದ ಆಕ್ಸಿಜನ್ ಕಣ ಹುಟ್ಟಿಸಿ, ಅದರ ಡಿಎನ್‌ಎ ಮುರಿದು. ಆದರೆ ಗೆಡ್ಡೆಗೂ ಕಾವಲಿದೆ. ಸೂಪರ್‌ಆಕ್ಸೈಡ್ ಡಿಸ್ಮ್ಯೂಟೇಸ್ ಎಂಬ ಕಿಣ್ವ ಅಂಥ ಕಣಗಳಲ್ಲಿ ಒಂದಾದ ಸೂಪರ್‌ಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ಅದನ್ನು ನೀರು, ಆಕ್ಸಿಜನ್ ಆಗಿ ಒಡೆಯುತ್ತದೆ. ಒಳ್ಳೆಯ ಕೋಶವನ್ನು ಕಾಯುವ ಇದೇ ಕಿಣ್ವಗಳು ಗೆಡ್ಡೆಯನ್ನೂ ಕಾಯುತ್ತವೆ, ಅಲ್ವಾ? ಆಂಟಿಆಕ್ಸಿಡೆಂಟ್ ಅಂದರೂ ಇಂಥ ಕಣಗಳನ್ನು ತಣಿಸುವ ವಸ್ತುವೇ. ಮಾತ್ರೆ ಕೊಟ್ಟು ಗೆಡ್ಡೆಯ ಕಾವಲಿಗೆ ನಾವೇ ಹೊರಗಿನಿಂದ ಬಲ ಕೊಟ್ಟಂತಾದರೆ? ನೆಲ್ಲಿಕಾಯಿ ಚಟ್ನಿ, ಹಣ್ಣಿನ ಮಾತಲ್ಲ ಇದು, ಡೋಸ್ ಜಾಸ್ತಿ ಇರುವ ಮಾತ್ರೆಯ ಮಾತು.

ಡಾಕ್ಟರ್ "ಸದ್ಯಕ್ಕೆ ಬೇಡ" ಅಂದರು. ಯಾಕೆ ಅಂತ ವಿವರಿಸಲು ಅವರಿಗೆ ಸಮಯ ಇರಲಿಲ್ಲ. ಹೊರಗೆ ಅಷ್ಟು ಜನ ಕಾಯುತ್ತಿದ್ದರು. ನಾನು ಹೇಳಿದರೆ ಅಮ್ಮ ಕೇಳುವುದಿಲ್ಲ.

ರೇಡಿಯೇಶನ್ ಆಂಕಾಲಜಿಯವರು, ಕ್ಯಾನ್ಸರ್ ರೋಗಿಗಳ ಆಹಾರ ತಜ್ಞರು ಇಲ್ಲಿದ್ದರೆ, ಅಮ್ಮನ ಜೊತೆ ಕನ್ನಡದಲ್ಲಿ 10 ನಿಮಿಷ ಮಾತಾಡುತ್ತೀರಾ? ಫೋನಿನಲ್ಲಾದರೂ ಸಾಕು. ಶನಿವಾರ, ಭಾನುವಾರ ರೇಡಿಯೇಶನ್ ಇರುವುದಿಲ್ಲ, ಇಬ್ಬರೂ ಮನೆಯಲ್ಲೇ ಇರುತ್ತಾರೆ. ದಯವಿಟ್ಟು ಮೆಸೇಜ್ ಮಾಡಿ.