ಗೇಮ್ ಆಡಿ ಮಕ್ಕಳು ಬದುಕಿಗೆ ಬೇಕಾದ್ದು ಏನಾದರೂ ಕಲಿತದ್ದುಂಟಾ? ಕಾಸರಗೋಡಿನವರ ಅನುಭವ

ನೀರ್ಚಾಲಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ 11 ವರ್ಷ, ಆರನೇ ಕ್ಲಾಸು. ಅಪ್ಪನ ಹಳೇ ಫೋನಿನಲ್ಲಿ ಮೈನ್‌ಕ್ರಾಫ್ಟ್ ಆಡುತ್ತಾನೆ, ಚೌಕ ಚೌಕ ತುಂಡು ಇಟ್ಟು ಮನೆ, ತೋಟ ಎಲ್ಲ ಕಟ್ಟುವ ಗೇಮ್. ಬೆಂಗಳೂರಿನಲ್ಲಿರುವ ಮೈದುನ "ಆಡಲಿ ಅತ್ತಿಗೆ, ಪ್ಲಾನಿಂಗ್ ಎಲ್ಲ ಅದರಿಂದಲೇ ಬರುತ್ತದೆ" ಅನ್ನುತ್ತಾನೆ. ಅತ್ತೆ "ಕಣ್ಣೂ ಹೋಗುತ್ತದೆ, ಬುದ್ಧಿಯೂ ಹೋಗುತ್ತದೆ" ಅನ್ನುತ್ತಾರೆ. ನಾನು ಇಬ್ಬರ ನಡುವೆ. ನಿಮ್ಮ ಮನೆಯ ಮಗು ಗೇಮ್‌ನಲ್ಲಿ ಕಲಿತದ್ದನ್ನು ಹೊರಗೆ ಎಲ್ಲಾದರೂ ಬಳಸಿದ್ದನ್ನು ಕಣ್ಣಾರೆ ನೋಡಿದ್ದೀರಾ? ಲೇಖನ, ಲಿಂಕ್ ಬೇಡ. ನೋಡಿದ್ದನ್ನು ಹೇಳಿದರೆ ಸಾಕು.

ಬಸ್ಸಣ್ಣ, ಮುಳ್ಳೇರಿಯ

ನಾನು 16 ವರ್ಷದಿಂದ ಪ್ರೈವೇಟ್ ಬಸ್ಸಿನ ಡ್ರೈವರ್. ಮಗನಿಗೆ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾದ ಹುಚ್ಚು. ಗೇಮ್ ಆ ದೇಶದ್ದಾದರೂ ಕೇರಳದ ಹುಡುಗರು ಅದಕ್ಕೆ ನಮ್ಮ ಕಡೆಯ ಬಸ್ಸುಗಳ ಬಣ್ಣವನ್ನೆಲ್ಲ ಬಳಿದಿದ್ದಾರೆ. ಅಲ್ಲೂ ರಸ್ತೆಯ ಎಡಗಡೆಯಲ್ಲೇ ಓಡಿಸುವುದು.

ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ತಿರುಗುವ ಮೊದಲು ಇಂಡಿಕೇಟರ್ ಹಾಕುತ್ತಾನೆ. ಹಿಂದೆ ತೆಗೆಯುವಾಗ ಕನ್ನಡಿ ನೋಡುತ್ತಾನೆ. ನಮ್ಮ ಕ್ಲೀನರ್ ಹುಡುಗನಿಗೆ ಇಷ್ಟು ಹೇಳಿಕೊಡಲು ನನಗೆ ಆರು ತಿಂಗಳು ಬೇಕಾಗಿತ್ತು. ಖುಷಿಯಾಯಿತು. ಅಷ್ಟರಲ್ಲಿ ಲಾರಿಗೆ ಹೋಗಿ ಗುದ್ದಿದ. ಏನೋ ಒತ್ತಿದ, ಬಸ್ಸು ಪುನಃ ರಸ್ತೆಯಲ್ಲಿ ನಿಂತಿತು. ಇವನು ನಗುತ್ತಿದ್ದಾನೆ. ನನಗೆ ಹೊಟ್ಟೆ ತೊಳಸಿದ ಹಾಗಾಯಿತು.

ಆದಿತ್ಯವಾರ ಶೆಡ್ಡಿಗೆ ಕರೆದುಕೊಂಡು ಹೋಗಿ, ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಕ್ಲಚ್ ಒತ್ತು ಅಂದೆ. ಕಾಲಿನಲ್ಲಿ ಅಷ್ಟು ಬಲ ಇಲ್ಲ. ಆಮೇಲೆ ನಾನು ಕೆಳಗಿಳಿದು ಬಸ್ಸಿನ ಮೂತಿಗೆ ತಾಗಿ ಕುಕ್ಕರಗಾಲಿನಲ್ಲಿ ಕೂತು, "ನಾನು ಕಾಣುತ್ತೇನಾ?" ಅಂತ ಕೂಗಿದೆ. "ಇಲ್ಲ ಅಪ್ಪ." "ಶಾಲೆ ಮಕ್ಕಳು ಇಷ್ಟೇ ಎತ್ತರ ಇರುವುದು" ಅಂದೆ. ಮನೆಗೆ ಬರುವವರೆಗೆ ಅವನು ಮಾತಾಡಲಿಲ್ಲ.

ಗೇಮ್ ಬಿಡಿಸಲಿಲ್ಲ ನಾನು. ನಿಯಮ ಅದರಿಂದ ಬಂತು, ಭಯ ಬರಲಿಲ್ಲ. ಈಗ ತಲಪಾಡಿ–ಚೆಂಗಳ ಹೊಸ ಹೆದ್ದಾರಿಯಲ್ಲಿ ಹೋಗುವಾಗ ಪಕ್ಕದಲ್ಲಿ ಕೂತು ರಾಂಗ್ ಸೈಡಿನಲ್ಲಿ ಬರುವ ಸ್ಕೂಟರ್‌ಗಳನ್ನು ಎಣಿಸುತ್ತಾನೆ. ಎಣಿಸಿ ಮುಗಿಯುವುದಿಲ್ಲ, ಅದು ಬೇರೆ ಮಾತು.

ಹಾವು ಏಣಿ, ಮಂಜೇಶ್ವರ

ಪರಮಪದದ ಪಟದಲ್ಲಿ ಏಣಿಗೆ ಒಳ್ಳೇ ಗುಣದ ಹೆಸರು, ಹಾವಿಗೆ ಕೆಟ್ಟ ಗುಣದ ಹೆಸರು. ಚಿಕ್ಕವನಿರುವಾಗ ಎಷ್ಟು ಆಡಿದ್ದೇನೋ ಲೆಕ್ಕ ಇಲ್ಲ. ಕಲಿತದ್ದು ದಾಳವನ್ನು ಬೆರಳ ಸಂದಿಯಲ್ಲಿ ತಿರುಗಿಸಿ ಆರು ಬೀಳಿಸುವುದನ್ನು ಮಾತ್ರ. ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ ಅಕ್ಕ.

ಉಪ್ಪಳದ ಉಮ್ಮ

ನಾನು ಚಂದದ ಕಥೆ ಹೇಳಲು ಬಂದವಳಲ್ಲ. ಮಗನಿಗೆ 13. ಒಂದು ಶೂಟಿಂಗ್ ಗೇಮ್. ಅದರಲ್ಲಿ ನಿಜವಾದ ಹಣ ಕೊಟ್ಟು ಡೈಮಂಡ್ ಅನ್ನುವ ಗೇಮ್‌ನ ನಾಣ್ಯ ಕೊಂಡು ಚಕ್ರ ತಿರುಗಿಸಿದರೆ ಬಂದೂಕಿಗೆ ಬಣ್ಣ, ಮೈಗೆ ಹೊಸ ಡ್ರೆಸ್. ನಾನು ಹಾಲಿನವರಿಗೆ ಹಣ ಹಾಕುವಾಗ ಯುಪಿಐ ಪಿನ್ ನೋಡಿಕೊಂಡಿದ್ದ. 80 ರೂಪಾಯಿಯ ಹಾಗೆ 54 ಸಲ. ಒಟ್ಟು 4,320. ಇವರು ಶಾರ್ಜಾದಿಂದ ಫೋನ್ ಮಾಡಿ ಕೇಳಿದಾಗಲೇ ನನಗೆ ಗೊತ್ತಾದದ್ದು.

ಹೊಡೆಯಲಿಲ್ಲ. ಬೇಸಿಗೆ ರಜೆಯಲ್ಲಿ ಮಾಮನ ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡಲು ಹೋಗು ಅಂದೆ. ದಿನಕ್ಕೆ 150 ಅಂತ ಮಾಮನೇ ಲೆಕ್ಕ ಬರೆದ. 29 ದಿನ ಬೇಕಾಯಿತು. ಹಣದ ಬೆಲೆ ಅವನಿಗೆ ಹೇಳಿಕೊಟ್ಟದ್ದು ಅಂಗಡಿ. ಅದರಲ್ಲಿ ಗೇಮ್‌ಗೆ ಒಂದು ಮಾರ್ಕೂ ಕೊಡುವುದಿಲ್ಲ ನಾನು.

ಆದರೆ ಒಂದು ಹೇಳಬೇಕು. ಹೋದ ವರ್ಷ ಒಬ್ಬರು ಮನೆ ಬಾಗಿಲಿಗೆ ಬಂದು, ತಿಂಗಳು ತಿಂಗಳು ಹಣ ಕಟ್ಟುವ ಸ್ಕೀಮ್ ಅಂದರು. ಸೇರಿದವರಿಗೆ ಅವತ್ತೇ ಒಂದು ಕುಕ್ಕರ್, ಆಮೇಲೆ ಡ್ರಾ. ನಾನು ಪೆನ್ನು ಹುಡುಕುತ್ತಿದ್ದೆ. ಇವನು ಒಳಗಿಂದ ಬಂದು ಕಿವಿಯಲ್ಲಿ, "ಉಮ್ಮಾ, ಇದು ಆ ಚಕ್ರದ ಹಾಗೇ ಉಂಟು. ಮೊದಲು ಒಂದು ಸುಮ್ನೆ ಕೊಡ್ತಾರೆ" ಅಂದ. ಅವರನ್ನು ಚಹಾ ಕೊಟ್ಟು ಕಳಿಸಿದೆ.

ಪಿನ್ ಬದಲಿಸಿ, ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ತಡೆದದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ಗೇಮ್‌ನೊಳಗೆ ಡ್ರೆಸ್ ಕೊಳ್ಳುವುದನ್ನು ನಾವೇ ನೋಡಿಕೊಳ್ಳಬೇಕು.

ಪೆರ್ಲದ ಟೀಚರ್

ಉಮ್ಮನವರ ಮಗ ಎರಡು ಸಲ ಪಾಸು, ನನ್ನ ಲೆಕ್ಕದಲ್ಲಿ.

ನಾನು ಹೈಸ್ಕೂಲಿನಲ್ಲಿ ಲಿಟ್ಲ್ ಕೈಟ್ಸ್ ನೋಡಿಕೊಳ್ಳುತ್ತೇನೆ. ಕೇರಳದ ಶಾಲೆಗಳಲ್ಲಿ 2018ರಲ್ಲಿ ಶುರುವಾದ ಐಟಿ ಕ್ಲಬ್ ಅದು. ಅಲ್ಲಿ ಸ್ಕ್ರ್ಯಾಚ್‌ನಲ್ಲಿ ಮಕ್ಕಳೇ ಗೇಮ್ ಮಾಡುತ್ತಾರೆ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಅಂಟಿಸಿ ಪ್ರೋಗ್ರಾಮ್ ಬರೆಯುವುದು, ಅಷ್ಟೆ.

ಒಂಬತ್ತನೆಯ ಒಬ್ಬಳು ಹುಡುಗಿ ಚೆನ್ನೆಮಣೆ ಮಾಡುತ್ತೇನೆ ಅಂದಳು. ಸುಲಭ ಅಂದುಕೊಂಡೆವು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಳು, ಒಟ್ಟು 56. ಬರೆಯಲು ಕೂತಾಗ ಗೊತ್ತಾಯಿತು ನಮಗೆ ನಿಯಮವೇ ಸರಿಯಾಗಿ ಗೊತ್ತಿಲ್ಲ ಅಂತ! ಆಡುವಾಗ ಕೈ ತಾನಾಗಿ ಹೋಗುತ್ತದೆ. ಕಂಪ್ಯೂಟರಿಗೆ ಒಂದೊಂದೂ ಹೇಳಬೇಕಲ್ವಾ. ಖಾಲಿ ಗುಳಿ ಬಂದರೆ ಏನು? ಗುಳಿಯಲ್ಲಿ ಪುನಃ ನಾಲ್ಕು ಸೇರಿದರೆ ಯಾರಿಗೆ? ಅವಳು ತನ್ನ ಅಜ್ಜಿಯನ್ನು ಕೇಳಿದಳು. ಆಮೇಲೆ ಪಕ್ಕದ ಮನೆಯ ಅಜ್ಜಿಯನ್ನು. ಎರಡು ಉತ್ತರ. ಮೂರನೆಯ ಮನೆಗೆ ಹೋದರೆ ಮೂರನೇ ಉತ್ತರ, ಜೊತೆಗೆ "ಅವರಿಗೆಲ್ಲ ಆಡಲು ಎಲ್ಲಿ ಬರುತ್ತದೆ" ಅನ್ನುವ ಮಾತು. ಕೊನೆಗೆ ಮೂರೂ ನಿಯಮ ಇಟ್ಟಳು. ಶುರುವಿನಲ್ಲಿ ಯಾವ ಮನೆಯ ಆಟ ಅಂತ ಆರಿಸಿಕೊಳ್ಳಬೇಕು.

ಅಜ್ಜಿಗೆ ತೋರಿಸಿದ ದಿನ ಮೊದಲ ಆಟಕ್ಕೇ ಅಜ್ಜಿ ಕಾಳು ಎಣಿಸಿದರು. 57. "ಇದೊಂದು ಎಲ್ಲಿಂದ ಬಂತು ಮಗಾ?" ಹಂಚುವ ಲೆಕ್ಕ ಒಂದು ಸಲ ಜಾಸ್ತಿ ಸುತ್ತುತ್ತಿತ್ತು. ಹುಡುಕಲು ಎರಡು ದಿನ ಹೋಯಿತು. ಕ್ಲಾಸಿನಲ್ಲಿ ಲೆಕ್ಕ ತಪ್ಪಿದರೆ ಅಳುವ ಹುಡುಗಿ ಅವಳು. ಇದಕ್ಕೆ ಅಳಲಿಲ್ಲ.

ಆರನೇ ಕ್ಲಾಸಿನ ಹುಡುಗನಿಗೂ ಸ್ಕ್ರ್ಯಾಚ್ ಆಗುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ಅಡಿಕೆತೋಟ, ಏತಡ್ಕ

ನೀರ್ಚಾಲಿನ ಅಕ್ಕ, ನನ್ನ ಮಗಳದ್ದೂ ಮೈನ್‌ಕ್ರಾಫ್ಟೇ. ವಯಸ್ಸು 10.

ಆ ಗೇಮ್‌ನಲ್ಲಿ ಬೇಸಾಯ ಉಂಟು. ಒಂದು ಚೌಕ ನೀರಿಟ್ಟರೆ ಸುತ್ತ ನಾಲ್ಕು ಚೌಕದವರೆಗೆ ಮಣ್ಣು ಒದ್ದೆ. ಅದರಾಚೆ ಒಣ. ಹಾಗಾಗಿ ನೀರಿನ ಜಾಗ ಲೆಕ್ಕ ಹಾಕಿಯೇ ಗೋಧಿ ಬಿತ್ತಬೇಕು. ಒಂದು ಸಂಜೆ ತೋಟಕ್ಕೆ ಬಂದವಳು "ಅಪ್ಪಾ, ನಮ್ಮ ಸ್ಪ್ರಿಂಕ್ಲರಿಗೆ ಎಷ್ಟು ಚೌಕ?" ಅಂದಳು. ನನಗೆ ಗೊತ್ತಿರಲಿಲ್ಲ. ಹಾಕಿದವರು ಹಾಕಿ ಹೋದರು, ನಾನು ಗೇಟ್‌ವಾಲ್ವ್ ತಿರುಗಿಸುತ್ತಾ ಬಂದೆ. ಇಬ್ಬರೂ ಹೆಜ್ಜೆ ಇಟ್ಟು ಅಳೆದೆವು. ಎರಡು ಸ್ಪ್ರಿಂಕ್ಲರ್ ನಡುವೆ ಒಂದು ಸಾಲಿಗೆ ನೀರು ಬೀಳುತ್ತಲೇ ಇರಲಿಲ್ಲ. ಆ ಸಾಲಿನ ಸೋಗೆ ಹಳದಿಯಾದದ್ದಕ್ಕೆ ನಾನು ರೋಗ ಅಂತ ಎರಡು ವರ್ಷ ಗೊಬ್ಬರ ಸುರಿದಿದ್ದೆ.

ಇದು ಗೇಮ್ ಹೇಳಿದ ಸತ್ಯ. ಅದೇ ಗೇಮ್ ಒಂದು ಸುಳ್ಳನ್ನೂ ಹೇಳುತ್ತದೆ. ಎರಡಕ್ಕೆರಡರ ಗುಂಡಿ ತೋಡಿ, ಎದುರುಬದುರು ಮೂಲೆಗೆ ಒಂದೊಂದು ಬಕೆಟ್ ನೀರು ಹೊಯ್ದರೆ ಸಾಕು. ಆಮೇಲೆ ಸಾವಿರ ಬಕೆಟ್ ತೆಗೆದರೂ ಮುಗಿಯುವುದಿಲ್ಲ. ಮಳೆಗಾಲ ಕಳೆದು ನಾವು ತೋಡಿನ ನೀರು ನಿಲ್ಲಿಸಲು ಕಟ್ಟ (ಒಡ್ಡು) ಕಟ್ಟುವಾಗ ಅವಳು ಕೇಳಿದಳು, "ಇಷ್ಟು ಕಲ್ಲು ಮಣ್ಣು ಯಾಕೆ ಹೊರುವುದು ಅಪ್ಪಾ?"

ಉತ್ತರ ಹೇಳುವ ಬದಲು ಸುರಂಗಕ್ಕೆ ಕರೆದುಕೊಂಡು ಹೋದೆ. ಹೊರಗಿನವರು ಓದುತ್ತಿದ್ದರೆ: ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಕೊರೆದ ಬಿಲ, ಒಬ್ಬ ಮನುಷ್ಯ ನಿಂತು ನಡೆಯುವಷ್ಟು. ಒಳಗೆ ಜಿನುಗುವ ನೀರು ತಾನಾಗಿ ಹರಿದು ಟಾಂಕಿಗೆ ಬರುತ್ತದೆ, ಪಂಪು ಬೇಡ. ನೀರು ಬೀಳುವಲ್ಲಿ ಕೊಡಪಾನ ಇಟ್ಟು ಅದು ತುಂಬುವವರೆಗೆ ಫೋನಿನಲ್ಲಿ ಸೆಕೆಂಡ್ ಎಣಿಸಿದೆವು. ಡಿಸೆಂಬರ್‌ನಲ್ಲಿ 22. ಜನವರಿ ಕೊನೆಗೆ 31. ಮಾರ್ಚ್‌ನಲ್ಲಿ 48. ಕ್ಯಾಲೆಂಡರಿನ ಹಿಂದೆ ಅವಳೇ ಬರೆದಳು. ಕಟ್ಟದ ಬಗ್ಗೆ ಪುನಃ ಕೇಳಲಿಲ್ಲ. ಹಲ್ಲುಜ್ಜುವಾಗ ನಲ್ಲಿ ಮುಚ್ಚುತ್ತಾಳೆ. ನನಗೆ ಬೈಯುತ್ತಾಳೆ ಕೂಡ.

ಬಸ್ಸಣ್ಣ ಶೆಡ್ಡಿಗೆ ಕರೆದುಕೊಂಡು ಹೋದದ್ದು ಇದೇ ಕೆಲಸ ಅಂತ ನನಗೆ ಕಾಣುತ್ತದೆ. ಗೇಮ್‌ಗೆ ಸತ್ಯ ಯಾವುದು ಸುಳ್ಳು ಯಾವುದು ಗೊತ್ತಿಲ್ಲ. ಮಗುವಿಗೂ ಗೊತ್ತಿರುವುದಿಲ್ಲ. ನಾವು ಸ್ವಲ್ಪ ಆಡಿ ನೋಡಬೇಕು, ಇಲ್ಲದಿದ್ದರೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅಂತ ತಿಳಿಯುವುದಿಲ್ಲ.

ಡಿಗ್ರಿ ಹುಡುಗ, ಕುಂಬಳೆ

ಅಣ್ಣ, ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಆ ಮುಗಿಯದ ನೀರನ್ನು ಬಂದ್ ಮಾಡುವ ಗೇಮ್ ರೂಲ್ ಉಂಟು. ಮೊಬೈಲಿನದ್ದರಲ್ಲಿ ಇಲ್ಲ.

ನರ್ಸಕ್ಕ, ಹೊಸಂಗಡಿ

ನಮ್ಮಲ್ಲಿ ಡಾಕ್ಟರುಗಳು ಒಂದು ವಿಷಯ ಹೇಳುತ್ತಿರುತ್ತಾರೆ. 2007ರಲ್ಲಿ ಅಮೆರಿಕದಲ್ಲಿ ಬಂದ ಅಧ್ಯಯನ. ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ವಿಡಿಯೋ ಗೇಮ್ ಆಡಿದ್ದ ಸರ್ಜನ್‌ಗಳು ಲ್ಯಾಪರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಅಭ್ಯಾಸದಲ್ಲಿ 37 ಶೇಕಡಾ ಕಡಿಮೆ ತಪ್ಪು ಮಾಡಿದ್ದರಂತೆ. ಇದನ್ನು ಮೈದುನನಿಗೆ ಹೇಳಬೇಡಿ, ಹಿಡಿದುಕೊಂಡು ಬಿಡುತ್ತಾರೆ. ಅದು 33 ಜನರ ಸಣ್ಣ ಅಧ್ಯಯನ. ಅವರೆಲ್ಲ ವರ್ಷಗಟ್ಟಲೆ ಓದಿ ಮೊದಲೇ ಡಾಕ್ಟರ್ ಆದವರು.

ಅತ್ತೆಯ ಮಾತಿನಲ್ಲೂ ಸ್ವಲ್ಪ ತೂಕ ಉಂಟು. ಗೇಮಿಂಗ್ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಆದರೆ ದಿನಕ್ಕೆ ಒಂದು ಗಂಟೆ ಆಡಿ ಊಟಕ್ಕೆ ಕರೆದಾಗ ಗೊಣಗುವವನು ರೋಗಿಯಲ್ಲ. ನಿದ್ದೆ, ಊಟ, ಶಾಲೆ, ಸ್ನೇಹಿತರು ಎಲ್ಲ ಹಿಂದೆ ಬಿದ್ದು, ತೊಂದರೆ ಆಗುತ್ತಿದೆ ಅಂತ ಗೊತ್ತಿದ್ದೂ ಬಿಡಲು ಆಗದೆ, ಅದು ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಆ ಹೆಸರು. ಹಾಗೇನಾದರೂ ಕಂಡರೆ ಮಕ್ಕಳ ಮೊಬೈಲ್, ಗೇಮ್ ಚಟ ಬಿಡಿಸಲು ಕೇರಳ ಪೊಲೀಸರ ಡಿ-ಡ್ಯಾಡ್ ಕೇಂದ್ರ ಉಂಟು. ಕನ್ನಡದಲ್ಲೇ ಮಾತಾಡಬೇಕು ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ಕ್ಲಿನಿಕ್ 2014ರಿಂದ ನಡೆಯುತ್ತಿದೆ.

ನೀರ್ಚಾಲಿನ ಅಮ್ಮ

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ನಾನೂ ಪಕ್ಕದಲ್ಲಿ ಕೂತು ಆಡಿದೆ. ಮೂರು ಸಲ ಬಾವಿಗೆ ಬಿದ್ದೆ, ಮಗನಿಗೆ ನಕ್ಕು ಸಾಕಾಯಿತು. ಅಡಿಕೆತೋಟದ ಅಣ್ಣ ಬರೆದದ್ದನ್ನು ಓದಿ ಹೇಳಿದೆ. ಅವನು ತಾನೇ ಒಂದು ನಿಯಮ ಮಾಡಿಕೊಂಡ: ಗೇಮ್‌ನ ಒಂದು ದಿನಕ್ಕೆ ಒಂದೇ ಬಕೆಟ್ ನೀರು. ಅಲ್ಲಿಯ ಒಂದು ದಿನ ಅಂದರೆ ನಮ್ಮ 20 ನಿಮಿಷ. ಎರಡೇ ಸಂಜೆಯಲ್ಲಿ ಬೇಸರ ಬಂದು ನಿಯಮ ಬಿಟ್ಟ. ಅತ್ತೆ ಮಾತ್ರ ಸುರಂಗದ ವಿಷಯ ಕೇಳಿ ಕಿವಿ ನಿಮಿರಿಸಿದರು. ನಮ್ಮ ಗುಡ್ಡದ ಸುರಂಗ ಮುಚ್ಚಿಹೋಗಿ 20 ವರ್ಷ ಆಯಿತು, ಬಾಯಿ ಎಲ್ಲಿತ್ತು ಅಂತ ಅವರೊಬ್ಬರಿಗೇ ಗೊತ್ತು. ನಿನ್ನೆ ಅಜ್ಜಿ ಮೊಮ್ಮಗ ಇಬ್ಬರೂ ಕತ್ತಿ ಹಿಡಿದುಕೊಂಡು ಪೊದೆ ಸವರಲು ಹೋಗಿದ್ದರು. ಒಳಗೆ ಹೋಗಬಾರದು ಅಂತ ಇಬ್ಬರಿಗೂ ಹೇಳಿದ್ದೇನೆ.

ಮಗ ಕೇಳುತ್ತಿದ್ದಾನೆ, ಎಪ್ರಿಲ್‌ನಲ್ಲಿ ನಿಮ್ಮ ಕೊಡಪಾನಕ್ಕೆ ಎಷ್ಟು ಸೆಕೆಂಡ್ ಬಂತು ಅಂತ.

ಅಡಿಕೆತೋಟ, ಏತಡ್ಕ

ಎಪ್ರಿಲ್ 20ಕ್ಕೆ 75. ಮೇ ತಿಂಗಳದ್ದು ಬರೆದಿಲ್ಲ. ಮಗಳು ಎಣಿಸುತ್ತಾ ಎಣಿಸುತ್ತಾ ನಿದ್ದೆ ಹೋದಳು. ಸುರಂಗದ ಒಳಗೆ ಗಾಳಿ ಇರುವುದಿಲ್ಲ, ಬಾವಲಿ ಇರುತ್ತದೆ, ಹಾವೂ ಇರಬಹುದು. ಕೊರೆದು ಗೊತ್ತಿರುವವರನ್ನು ಕರೆಸಿ ಅಕ್ಕ.